ನಿಮ್ಮ ಇಗರ್ಜಿ ಹುಟ್ಟಿದ್ದು ಯಾವ ವರ್ಷ?

(ಜುಬಿಲಿ ಸ್ಮರಣ ಸಂಚಿಕೆಗೆ ತಮ್ಮ ಚರ್ಚಿನ ಇತಿಹಾಸ ಬರೆಯಲು ಹೊರಟವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮಂಗಳೂರು, ಉಡುಪಿ ಕಡೆಯ ಯಾವ ಹಳೆಯ ಚರ್ಚಿಗೆ ಹೋದರೂ ಮುಖಭಾಗದ ನೆತ್ತಿಯ ಮೇಲೆ, ಶಿಲುಬೆಯ ಕೆಳಗೆ, ಒಂದು ಇಸವಿ ಕಾಣುತ್ತದೆ. ಜುಬಿಲಿ ಸಮಿತಿ ಮೊದಲು ಹಿಡಿದುಕೊಳ್ಳುವುದು ಅದನ್ನೇ. ಆದರೆ ಅದು ಯಾವುದರ ಇಸವಿ? ಜಾಗ ಸಿಕ್ಕಿದ್ದೇ, ಮುಳಿಹುಲ್ಲಿನ ಪ್ರಾರ್ಥನಾಲಯ ಎದ್ದದ್ದೇ, ಬಿಷಪರು ಸ್ವತಂತ್ರ ಧರ್ಮಕೇಂದ್ರವೆಂದು (ತನ್ನದೇ ಪಾದ್ರಿ, ತನ್ನದೇ ರಿಜಿಸ್ಟರು ಇರುವ ಚರ್ಚೆಂದು) ಆಜ್ಞೆ ಹೊರಡಿಸಿದ್ದೇ, ಕಲ್ಲುಕಟ್ಟಡ ಮುಗಿದು ಆಶೀರ್ವಾದ ಆದದ್ದೇ, ಇಲ್ಲಾ ಮುಖಭಾಗವನ್ನು ಮಾತ್ರ ಕೆಡವಿ ಹೊಸದಾಗಿ ಎಬ್ಬಿಸಿದ್ದೇ? ಒಂದೇ ಚರ್ಚಿಗೆ ಈ ಐದೂ ಬೇರೆ ಬೇರೆ ವರ್ಷಗಳಾಗಿರಬಹುದು. ನಡುವೆ ನೂರು ವರ್ಷದ ಅಂತರ ಇದ್ದರೂ ಆಶ್ಚರ್ಯವಿಲ್ಲ.

ದೊಡ್ಡ ಚರ್ಚುಗಳ ಸಂಗತಿಯೂ ಹೀಗೆಯೇ. ಮಂಗಳೂರಿನ ರೊಜಾರಿಯೊ 1568ರದ್ದು ಎನ್ನುತ್ತೇವೆ, ನಾವು ಇಂದು ಒಳಗೆ ಕಾಲಿಡುವ ಗುಮ್ಮಟದ ಕಟ್ಟಡ 20ನೇ ಶತಮಾನದ್ದು. ಕೆಳದಿಯ ಚೆನ್ನಮ್ಮ ರಾಣಿ ಕೊಟ್ಟ ಜಾಗದಲ್ಲಿ ಬಿಷಪ್ ತೋಮಸ್ ದೆ ಕಾಸ್ಟ್ರೊ ಅವರು 1680ರಲ್ಲಿ ಮಂಗಳೂರಿನ ಮಿಲಾಗ್ರಿಸ್ ಕಟ್ಟಿಸಿದರು, ಈಗ ಕಾಣುವುದು ಆ ಕಟ್ಟಡವಲ್ಲ. ಕಲ್ಯಾಣಪುರದ ಮಿಲಾಗ್ರಿಸ್ 1678ರದ್ದು, ಅದು ಕೆಥೆಡ್ರಲ್ (ಬಿಷಪರ ಪೀಠವಿರುವ ಚರ್ಚು) ಆದದ್ದು 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ (ಒಬ್ಬ ಬಿಷಪರ ಆಡಳಿತದ ಪ್ರದೇಶ) ರಚನೆಯಾದಾಗ. ಇವುಗಳಿಗೆ ಬರೆದವರು ಇದ್ದಾರೆ, ಕೇಳುವವರೂ ಇದ್ದಾರೆ. ನೂರಿನ್ನೂರು ಮನೆಗಳ ಸಣ್ಣ ಇಗರ್ಜಿಗೆ ಇರುವುದು ಕಪಾಟಿನಲ್ಲಿರುವ ನಾಲ್ಕು ರಿಜಿಸ್ಟರು, ಮಾಡಿನ ಹಂಚು, ಗೋಪುರದ ಗಂಟೆ, ಜಾಗದ ಕಾಗದ. ಇಷ್ಟು ಸಾಕು. ಒಂದನ್ನೊಂದು ಎದುರಿಗಿಟ್ಟು ಓದಬೇಕು, ಅಷ್ಟೆ.

ಮೊದಲು ರಿಜಿಸ್ಟರು. ಮದುವೆ ಮತ್ತು ಜ್ಞಾನಸ್ನಾನದ ದಾಖಲೆಯನ್ನು ಕಡ್ಡಾಯ ಮಾಡಿದ್ದು 1563ರಲ್ಲಿ ಕೆಥೊಲಿಕ್ ಬಿಷಪರ ತ್ರೆಂತ್ ಮಹಾಸಭೆ. 1614ರ ರೋಮನ್ ವಿಧಿಗ್ರಂಥ ಐದು ಪುಸ್ತಕ ಇಡಬೇಕೆಂದಿತು: ಜ್ಞಾನಸ್ನಾನ, ದೃಢೀಕರಣ (ಜ್ಞಾನಸ್ನಾನ ಪಡೆದವರನ್ನು ವಿಶ್ವಾಸದಲ್ಲಿ ದೃಢಪಡಿಸುವ ಸಂಸ್ಕಾರ), ಮದುವೆ, ಮರಣ, ಮತ್ತು ಮನೆಮನೆಯ ಜನರ ಪಟ್ಟಿ. ಐದನೆಯದು ನಮ್ಮಲ್ಲಿ ಉಳಿದಿರುವುದು ಅಪರೂಪ. ಹಳಬರು ಅದನ್ನು ದಾಖಲೆಯೆಂದು ಕಾಣಲಿಲ್ಲ. ಹೊಸ ಪಟ್ಟಿ ಬರೆದಾಗ ಹಳೆಯದು ಒಲೆಗೆ ಹೋಯಿತು. ನಿಮ್ಮಲ್ಲಿ ಒಂದು ಉಳಿದಿದ್ದರೆ ಬೇರೆಲ್ಲಕ್ಕಿಂತ ಮೊದಲು ಅದರ ಫೋಟೊ ತೆಗೆಯಿರಿ.

ಜ್ಞಾನಸ್ನಾನದ ಮೊದಲ ಪುಸ್ತಕದ ಮೊದಲ ಪುಟಕ್ಕೆ ಬನ್ನಿ. ಕ್ರಮಸಂಖ್ಯೆ 1 ಇದೆಯೇ, ನೇರವಾಗಿ 214ರಿಂದ ಆರಂಭವೇ? 214 ಆದರೆ ಹಿಂದೊಂದು ಪುಸ್ತಕ ಇತ್ತು, ಕಳೆದುಹೋಗಿದೆ. 1 ಇದ್ದರೆ ಅಲ್ಲಿಂದ ಸ್ವತಂತ್ರ ಧರ್ಮಕೇಂದ್ರ ಆರಂಭವಾಯಿತೆಂದು ಊಹಿಸಬಹುದು, ಆದರೂ ಅಲ್ಲಿಗೇ ನಿಲ್ಲಬೇಡಿ. ನಿಮ್ಮದು ಬೇರೆಯಾಗಿ ಬಂದ ಮೂಲ ಚರ್ಚಿನ ರಿಜಿಸ್ಟರಿಗೆ ಹೋಗಿ, ನಿಮ್ಮ ವಾಳೆಗಳ (ಚರ್ಚಿನ ವಾರ್ಡುಗಳ) ಹೆಸರು ಅಲ್ಲಿ ಯಾವ ತಿಂಗಳಿನಿಂದ ಕಾಣುವುದಿಲ್ಲ ಎಂದು ನೋಡಿ. ಇಲ್ಲಿ ಆರಂಭ, ಅಲ್ಲಿ ಅಂತ್ಯ. ಎರಡು ಒಂದೇ ತಿಂಗಳಿಗೆ ಬಂದರೆ ವರ್ಷ ಗಟ್ಟಿ. ಆರೇಳು ವರ್ಷ ಎರಡೂ ಕಡೆ ಹೆಸರು ಸಿಗುತ್ತಿದ್ದರೆ, ಮಳೆಗಾಲದಲ್ಲಿ ಹೊಳೆ ದಾಟಲಾಗದೆ ಇಲ್ಲಿ, ಬೇಸಿಗೆಯಲ್ಲಿ ಅಲ್ಲಿ ಎಂದು ಜನ ನಡೆದಿದ್ದಾರೆಯೇ ಎಂದು ತಿಂಗಳುವಾರು ಎಣಿಸಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮೂದುಗಳು ಮಾತ್ರ ಇಲ್ಲಿವೆ ಎಂದಾದರೆ ಅದು ಆಗ ಮಳೆಗಾಲದ ಪ್ರಾರ್ಥನಾಲಯ, ಇನ್ನೂ ಧರ್ಮಕೇಂದ್ರವಲ್ಲ.

ಹಳೆಯ ನಮೂದುಗಳು ಬಹುಪಾಲು ಲ್ಯಾಟಿನ್, ಇನ್ನೂ ಹಿಂದಿನವು ಪೋರ್ಚುಗೀಸ್. ಹೆದರಬೇಕಿಲ್ಲ, ವಾಕ್ಯದ ಅಚ್ಚು ಒಂದೇ: ಇಂಥ ವರ್ಷ, ಇಂಥ ತಿಂಗಳು, ಇಂಥ ದಿನ, ಕೆಳಗೆ ಸಹಿ ಮಾಡಿದ ನಾನು ಇಂಥವರ ಮಗುವಿಗೆ ಜ್ಞಾನಸ್ನಾನ ಕೊಟ್ಟೆ, ದೇವಮಾತಾಪಿತರು ಇಂಥವರು. ಹತ್ತು ನಮೂದು ಓದಿದರೆ ಹನ್ನೊಂದನೆಯದು ತಾನಾಗಿ ಬರುತ್ತದೆ. ಎಡವುವುದು ತಿಂಗಳಲ್ಲಿ. 7 ಎಂದು ಬರೆದು ಪಕ್ಕದಲ್ಲಿ ‘ಬ್ರಿಸ್’ ಎಂದಿದ್ದರೆ ಅದು ಏಳನೇ ತಿಂಗಳಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ಸೆಪ್ತೆಂ ಎಂದರೆ ಏಳು. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, 10 ಅಥವಾ ಅದರ ರೋಮನ್ ಅಂಕೆ ಡಿಸೆಂಬರ್. ಇದನ್ನು ತಿಳಿಯದೆ ಸೆಪ್ಟೆಂಬರನ್ನು ಜುಲೈ ಮಾಡಿದರೆ, ತಾಯಿ ಸತ್ತ ಎರಡು ತಿಂಗಳ ಮೇಲೆ ಮಗು ಹುಟ್ಟಿದಂಥ ಸಂಗತಿಗಳು ಸಂಚಿಕೆಯಲ್ಲಿ ಅಚ್ಚಾಗುತ್ತವೆ.

ಹೆಸರಿನಲ್ಲೂ ಗೊಂದಲ ಇದೆ. ಮನೆಯಲ್ಲಿ ಬಸ್ತ್ಯಾಂವ್ ಎಂದು ಕರೆಸಿಕೊಂಡವರು ಪುಸ್ತಕದಲ್ಲಿ ಸೆಬಾಸ್ತಿಯಾನುಸ್. ಜುವಾಂವ್ ಎಂದರೆ ಜೊವಾನ್ನೆಸ್, ಪೆದ್ರು ಎಂದರೆ ಪೆತ್ರುಸ್. ಲುವಿಸ್ ಎಂಬವರು ಒಬ್ಬ ಪಾದ್ರಿಗಳ ಕೈಯಲ್ಲಿ ಲುದೊವಿಕುಸ್, ಮುಂದಿನವರ ಕೈಯಲ್ಲಿ ಅಲೋಷಿಯುಸ್. ಮದುವೆ ಪುಸ್ತಕದ ಲುದೊವಿಕುಸ್, ಮರಣ ಪುಸ್ತಕದ ಅಲೋಷಿಯುಸ್ ಒಬ್ಬರೇ ಇರಬಹುದು. ಹೆಸರಿಗಿಂತ ತಂದೆ–ತಾಯಿ, ವಾಳೆ, ಮನೆತನ ಈ ಮೂರು ಹೊಂದುತ್ತವೆಯೇ ಎಂದು ನೋಡುವುದು ಕ್ಷೇಮ. ಡಿ’ಸೋಜ ಎಂಬುದನ್ನು ನೆಚ್ಚಿ ವಂಶವೃಕ್ಷ ಬಿಡಿಸಿದರೆ ಅರ್ಧ ಜಿಲ್ಲೆ ಒಂದೇ ಮರದಲ್ಲಿ ಜೋತುಬೀಳುತ್ತದೆ. ಪ್ರಭು, ಪೈ, ಕಾಮತ್, ಶೇಟ್ ಮುಂತಾದ ಹಳೆಯ ಮನೆತನದ ಹೆಸರನ್ನು ಪಕ್ಕದಲ್ಲಿ ಬರೆದಿಟ್ಟ ಪಾದ್ರಿಗಳಿಗೆ ಕೈಮುಗಿಯಬೇಕು.

ಸಹಿಯೂ ಒಂದು ದಾಖಲೆ. ಚರ್ಚಿನ ಗೋಡೆಯ ಮೇಲೆ ವಿಗಾರರ (ಚರ್ಚಿನ ಹೊಣೆ ಹೊತ್ತ ಪಾದ್ರಿಗಳ) ಪಟ್ಟಿ ಇರುತ್ತದಲ್ಲ, ಅದರಲ್ಲಿ ಇರುವುದು ಹೆಚ್ಚಾಗಿ ನೇಮಕದ ವರ್ಷ. ಅವರು ನಿಜಕ್ಕೂ ಬಂದು ಕೆಲಸ ಹಿಡಿದ ದಿನ ರಿಜಿಸ್ಟರಿನಲ್ಲಿ ಕೈಬರಹ ಬದಲಾದ ಜಾಗದಲ್ಲಿದೆ. ಒಂದೆರಡು ತಿಂಗಳು ಮಾತ್ರ ಬೇರೊಂದು ಸಹಿ ಇದ್ದು ‘ವಿಗಾರರ ಅನುಮತಿಯಿಂದ’ ಎಂಬರ್ಥದ ಲ್ಯಾಟಿನ್ ಮಾತು ಜೊತೆಗಿದ್ದರೆ ಅವರು ಅತಿಥಿ, ಪಟ್ಟಿಗೆ ಸೇರಿಸಬೇಡಿ. ಆ ಮಾತಿಲ್ಲದೆ ನೆರೆಯ ಚರ್ಚಿನವರ ಸಹಿಯೇ ವರ್ಷಗಟ್ಟಲೆ ಇದ್ದರೆ ಆ ಕಾಲದಲ್ಲಿ ನಿಮ್ಮಲ್ಲಿ ವಿಗಾರರೇ ಇರಲಿಲ್ಲ ಎಂದು ತಿಳಿಯಿರಿ. ಗೋಡೆಯ ಪಟ್ಟಿಯಲ್ಲಿ ಇಂಥ ಖಾಲಿ ಜಾಗವನ್ನು ಯಾರೂ ತೋರಿಸುವುದಿಲ್ಲ, ಹಿಂದಿನವರ ಅವಧಿಯನ್ನೇ ಎಳೆದು ತುಂಬಿಸಿರುತ್ತಾರೆ.

ಎಷ್ಟು ಜನ ಇದ್ದರು ಎಂಬ ಪ್ರಶ್ನೆಗೆ ಪಟ್ಟಿ ಇಲ್ಲದಿದ್ದರೂ ಉತ್ತರ ಸಿಗುತ್ತದೆ. ಒಂದು ವರ್ಷದ್ದಲ್ಲ, ಸತತ ಐದು ವರ್ಷದ ಜ್ಞಾನಸ್ನಾನ ಎಣಿಸಿ ಸರಾಸರಿ ತೆಗೆಯಿರಿ. ಹಿಂದಿನ ಕಾಲದಲ್ಲಿ ಸಾವಿರ ಜನರಿಗೆ ವರ್ಷಕ್ಕೆ ಸುಮಾರು 40 ಹೆರಿಗೆ ಎಂದು ಹಿಡಿದರೆ, ವರ್ಷಕ್ಕೆ 20 ಜ್ಞಾನಸ್ನಾನವಿರುವ ಕಡೆ ಸುಮಾರು 500 ಜನ, ಎಂದರೆ ಎಂಬತ್ತರಿಂದ ನೂರು ಮನೆ. ಇದು ಅಂದಾಜು, ಅಂದಾಜು ಎಂದೇ ಬರೆಯಿರಿ. ಮರಣದ ಪುಸ್ತಕದಲ್ಲಿ ಇಂಥ ಸರಾಸರಿಗಿಂತ ಏರುಪೇರು ಮುಖ್ಯ. 1918ರ ಕೊನೆಯ ತಿಂಗಳುಗಳನ್ನು ತೆಗೆದು ನೋಡಿ, ಇನ್‌ಫ್ಲುಯೆಂಜಾ ಹಬ್ಬಿದ ಕಾಲ. ವರ್ಷವಿಡೀ ಬರುವಷ್ಟು ಸಾವು ಆರೇಳು ವಾರದಲ್ಲಿ ಬಂದಿದ್ದರೆ ಆ ಪುಟ ನಿಮ್ಮ ಊರಿನ ಚರಿತ್ರೆ. ಹಾಗೆಯೇ ಜ್ಞಾನಸ್ನಾನ ಇದ್ದು, ಮದುವೆಯೂ ಮರಣವೂ ಇಲ್ಲದ ಹೆಸರುಗಳ ದೊಡ್ಡ ಗುಂಪು ಕಂಡರೆ ಅವರು ಬೊಂಬಾಯಿಗೋ ಘಟ್ಟದ ಮೇಲಿನ ಕಾಫಿ ತೋಟಕ್ಕೋ ಹೋದವರು. ಜ್ಞಾನಸ್ನಾನದ ನಮೂದಿನ ಅಂಚಿನಲ್ಲಿ ದೃಢೀಕರಣ, ಮದುವೆಗಳ ವಿವರ ಸೇರಿಸಬೇಕೆಂಬ ನಿಯಮ ಇರುವುದರಿಂದ ಯಾವ ಊರಲ್ಲಿ ಮದುವೆಯಾದರು ಎಂಬುದು ಹಲವು ಬಾರಿ ಅಲ್ಲೇ ಸಿಗುತ್ತದೆ. ಈಗಿನ 1983ರ ಧರ್ಮಸಂಹಿತೆಯ 535ನೇ ವಿಧಿಯೂ ಅದನ್ನೇ ಹೇಳುತ್ತದೆ.

ಅದೇ ಅಂಚಿನಲ್ಲಿ, ಅದೇ ಸಾಲುಗಳಲ್ಲಿ, ಬಯಲಿಗೆ ತರಬಾರದ ಸಂಗತಿಗಳೂ ಇರುತ್ತವೆ. ತಂದೆಯ ಹೆಸರಿಲ್ಲದ ಮಗು, ದತ್ತು, ರದ್ದಾದ ಮದುವೆ. ವಿಗಾರರ ಲಿಖಿತ ಅನುಮತಿ ಇಲ್ಲದೆ ಪುಸ್ತಕ ಬಿಚ್ಚಬೇಡಿ. ಅನುಮತಿ ಸಿಕ್ಕ ಮೇಲೂ ನೂರು ವರ್ಷದೊಳಗಿನ ಯಾವ ನಮೂದನ್ನೂ ಹೆಸರು ಹಿಡಿದು ಅಚ್ಚು ಹಾಕಬೇಡಿ. ಎಣಿಕೆ ಬೇಕಾದರೆ ಕೊಡಿ.

ಈಗ ಕಟ್ಟಡ. ಹಳೆಯ ಬರಹಗಳಲ್ಲಿ ‘1840ರಲ್ಲಿ ಹಂಚಿನ ಚರ್ಚ್ ಕಟ್ಟಲಾಯಿತು’ ಎಂಬಂಥ ಸಾಲು ಕಂಡಾಗ ನಮ್ಮ ಕಣ್ಣಿಗೆ ಮಂಗಳೂರು ಹಂಚಿನ ಕೆಂಪು ಮಾಡು ಬರುತ್ತದೆ. ಆಗ ಮಂಗಳೂರು ಹಂಚೇ ಇರಲಿಲ್ಲ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಅದಕ್ಕೆ ಹಿಂದೆ ಹಂಚು ಎಂದರೆ ಕುಂಬಾರರ ಕೈಯ ನಾಡಹಂಚು, ಬಡ ಊರಲ್ಲಿ ಮುಳಿಹುಲ್ಲು ಇಲ್ಲವೇ ಮಡಲು. ಪ್ರಾಟೆಸ್ಟೆಂಟ್ ಮಿಷನ್ನಿನ ಕಾರ್ಖಾನೆಯ ಹಂಚು ಕೆಥೊಲಿಕ್ ಚರ್ಚಿನ ಮಾಡಿಗೆ ಏರಿದ್ದಕ್ಕೆ ಆಗ ಯಾರೂ ತಕರಾರು ಮಾಡಿದಂತಿಲ್ಲ. ಮಳೆಗೆ ಪಂಗಡ ಗೊತ್ತಿಲ್ಲವಲ್ಲ.

ಮಾಡಿನ ಒಂದು ಹಂಚು ತೆಗೆಸಿ ಹಿಂಭಾಗ ನೋಡಿ, ಕಂಪನಿಯ ಮುದ್ರೆ ಇರುತ್ತದೆ. ಇಲ್ಲಿ ಒಂದು ದೊಡ್ಡ ಹಳ್ಳ ಇದೆ. 1865 ಎಂದು ಅಚ್ಚೊತ್ತಿದ ಹಂಚು 1865ರಲ್ಲಿ ಮಾಡಿದ್ದಲ್ಲ. ಅದು ಕಾರ್ಖಾನೆ ಸ್ಥಾಪನೆಯಾದ ವರ್ಷ, ಹತ್ತಾರು ವರ್ಷ ಅದೇ ಅಚ್ಚು ನಡೆಯಿತು. ‘ನಮ್ಮ ಮಾಡು 1865ರದ್ದು’ ಎಂದು ಬರೆದವರು ಎಷ್ಟೋ ಮಂದಿ. ಇದಕ್ಕಿಂತ ಉಪಯೋಗಕ್ಕೆ ಬರುವುದು ಕಂಪನಿಯ ಹೆಸರು. ಮೊದಲನೆಯ ಮಹಾಯುದ್ಧದ ಬಳಿಕ ಬಾಸೆಲ್ ಮಿಷನ್ನಿನ ಉದ್ಯಮ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು. ಕಾಮನ್‌ವೆಲ್ತ್ ಮುದ್ರೆಯ ಹಂಚು ಯುದ್ಧಕ್ಕೆ ಮೊದಲಿನದ್ದಾಗಿರಲು ಸಾಧ್ಯವೇ ಇಲ್ಲ. ಒಂದು ಹಂಚು ನೋಡಿ ತೀರ್ಮಾನಿಸಬೇಡಿ, ಮಾಡಿನ ನಾಲ್ಕು ಕಡೆಯಿಂದ ಐದೈದು ತೆಗೆಸಿ. ನೈಋತ್ಯದ ಮಳೆ ಬಡಿಯುವ ಬದಿಯಲ್ಲಿ ಹಂಚು ಬದಲಾಗುತ್ತಲೇ ಇರುತ್ತದೆ. ಹಳೆಯದು ಉಳಿಯುವುದು ಬಲಿಪೀಠದ ಹಿಂದಿನ ಕೋಣೆಯ ಮೇಲೆ, ಮರೆಯ ಮೂಲೆಯಲ್ಲಿ.

ಲೆಕ್ಕದ ಪುಸ್ತಕ ಇದ್ದರೆ ಹಂಚಿನ ಎಣಿಕೆಯೇ ಸಾಕ್ಷಿ ಹೇಳುತ್ತದೆ. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ. ಚರ್ಚ್ 80 ಅಡಿ ಉದ್ದ, 30 ಅಡಿ ಅಗಲ ಎಂದಿಟ್ಟುಕೊಳ್ಳಿ. ಸುತ್ತ ಎರಡೂವರೆ ಅಡಿ ಇಳಿಮಾಡು ಸೇರಿದರೆ 85ಕ್ಕೆ 35, 30 ಡಿಗ್ರಿ ಇಳಿಜಾರಿಗೆ ಲೆಕ್ಕ ಹಾಕಿದರೆ ಸುಮಾರು 3,430 ಚದರ ಅಡಿ, ಎಂದರೆ ಸುಮಾರು 320 ಚದರ ಮೀಟರು. ಹಂಚು 4,800, ಒಡೆಯುವುದಕ್ಕೆಂದು ಸ್ವಲ್ಪ ಹೆಚ್ಚು ಸೇರಿ 5,000. ಲೆಕ್ಕದಲ್ಲಿ ಐದು ಸಾವಿರ ಹಂಚಿನ ಖರ್ಚು ಕಂಡ ವರ್ಷ ಮಾಡು ಪೂರ್ತಿ ಹೊಸದು. ಆರುನೂರು ಕಂಡರೆ ದುರಸ್ತಿ. ಹಂಚು ಐದು ಸಾವಿರ ಬಂದು ಪಕ್ಕಾಸು, ರೀಪು, ಮರದ ಖರ್ಚು ಎಲ್ಲೂ ಇಲ್ಲದಿದ್ದರೆ ಅನುಮಾನ ಪಡಿ. ಮುಳಿಹುಲ್ಲು ಹೊತ್ತಿದ್ದ ಹಗುರ ಮರ ಹನ್ನೆರಡು ಟನ್ನು ಹಂಚನ್ನು, ಅದೂ ಮಳೆಯಲ್ಲಿ ನೀರು ಹೀರಿದ ಹಂಚನ್ನು, ಹೊರಲಾರದು. ಮರ ದಾನವಾಗಿ ಬಂದಿರಬೇಕು. ದಾನದ ಪುಸ್ತಕ ಬೇರೆ ಇರುತ್ತದೆ, ಹುಡುಕಿ. ಅಂದಹಾಗೆ 1957ರ ಏಪ್ರಿಲ್‌ಗೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಮೂರು ಕಂಬದ ಅಂಕೆಗಳನ್ನು ರೂಪಾಯಿ–ಪೈಸೆ ಎಂದು ಕೂಡಿಸಿದರೆ ಎಲ್ಲಾ ಮೊತ್ತವೂ ತಪ್ಪು. ಅಕ್ಕಿ ಮುಡಿಯ ಲೆಕ್ಕದಲ್ಲಿದ್ದರೆ ಸಾಮಾನ್ಯವಾಗಿ ಮುಡಿಗೆ 42 ಸೇರು, ಮೂರು ಕಳಸೆ.

ಗೋಡೆ ಮುರಕಲ್ಲಿನದ್ದು (ಜಂಬಿಟ್ಟಿಗೆ ಕಲ್ಲು). ಪಣೆಯಿಂದ ಕಡಿದಾಗ ಮೆತ್ತಗೆ, ಗಾಳಿಗೆ ಬಿಟ್ಟಷ್ಟು ಗಟ್ಟಿ. ಹಳೆಯ ಗೋಡೆಯಲ್ಲಿ ಕಲ್ಲುಗಳ ನಡುವೆ ಇರುವುದು ಚಿಪ್ಪಿನ ಸುಣ್ಣ ಮತ್ತು ಮರಳಿನ ಗಾರೆ. ಗೋಡೆಯ ಕಾಲ ತಿಳಿಯಲು ಬಣ್ಣ ಸುಲಿದ ಜಾಗದಲ್ಲಿ ಗಾರೆ ನೋಡಿ. ಬಿಳಿ, ಉಗುರಿಗೆ ಪುಡಿಯಾಗುತ್ತದೆ, ನಡುವೆ ಚಿಪ್ಪಿನ ಚೂರು ಮಿನುಗುತ್ತದೆ ಎಂದಾದರೆ ಸುಣ್ಣ. ಬೂದು ಬಣ್ಣ, ಉಗುರು ತಾಗದು ಎಂದಾದರೆ ಸಿಮೆಂಟು, ಆ ಭಾಗ ಈಚಿನದ್ದು. ಉದ್ದಗೋಡೆ ಸುಣ್ಣದ್ದು, ಮುಖಭಾಗ ಸಿಮೆಂಟಿನದ್ದು, ಎರಡು ಸೇರುವಲ್ಲಿ ನೆಲದಿಂದ ಮಾಡಿನವರೆಗೆ ನೇರ ಬಿರುಕು: ನೆತ್ತಿಯ ಇಸವಿ ಮುಖಭಾಗದ್ದು ಮಾತ್ರ ಎನ್ನಲು ಬೇರೆ ಸಾಕ್ಷಿ ಬೇಡ. ಜುಬಿಲಿಗೆಂದು ಸುಣ್ಣದ ಗೋಡೆಗೆ ಸಿಮೆಂಟು ಗಿಲಾವು ಮಾಡಿಸುವ ಆಸೆ ಎಲ್ಲಾ ಸಮಿತಿಗಳಿಗೂ ಬರುತ್ತದೆ. ಮುರಕಲ್ಲು ನೀರು ಹೀರಿ ಬಿಡುವ ಕಲ್ಲು. ಸುಣ್ಣದ ಮೂಲಕ ತೇವ ಹೊರಗೆ ಹೋಗುತ್ತದೆ, ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಒಂದೆರಡು ಮಳೆಗಾಲದಲ್ಲಿ ಗಿಲಾವು ಉಬ್ಬಿ, ಉಪ್ಪು ಬಿಟ್ಟು, ಹಾಳೆ ಹಾಳೆಯಾಗಿ ಕಳಚುತ್ತದೆ, ಕಲ್ಲಿನ ಮೈಯನ್ನೂ ಜೊತೆಗೆ ಎಳೆದುಕೊಂಡು. ಇದನ್ನು ಇತಿಹಾಸದ ಮಾತಿನ ನಡುವೆ ಹೇಳುವುದಕ್ಕೆ ಕಾರಣ, ಆ ಗಿಲಾವಿನ ಅಡಿಯಲ್ಲಿ ಮುಚ್ಚಿಹೋಗುವುದು ನಿಮ್ಮ ಸಾಕ್ಷಿಯೇ.

ಗಂಟೆಯ ಮೇಲಿನ ವರ್ಷ ಗಂಟೆ ಎರಕ ಹೊಯ್ದದ್ದರದ್ದು. ಬೇರೆ ಚರ್ಚಿನಿಂದ ಕೊಂಡು ತಂದಿರಬಹುದು, ಯುರೋಪಿನಿಂದ ಬಂದು ವರ್ಷಗಟ್ಟಲೆ ಗೋಪುರವಿಲ್ಲದೆ ಮರದ ಕಂಬದಲ್ಲಿ ತೂಗಿರಬಹುದು. ಅಕ್ಷರಗಳಿಗೆ ಸೀಮೆಸುಣ್ಣ ಉಜ್ಜಿ ಬದಿಯಿಂದ ಟಾರ್ಚ್ ಹಿಡಿದು ಫೋಟೊ ತೆಗೆಯಿರಿ, ಉಪ್ಪುಕಾಗದ ಮಾತ್ರ ಬೇಡ. ಒಳಗಡೆ ಬಲಿಪೀಠದ ಮುಂದೆ ನೆಲದಲ್ಲಿ ಒಂದು ಅಡ್ಡಸಾಲು ತೂತು ತುಂಬಿಸಿದ ಗುರುತು ಕಂಡರೆ ಅಲ್ಲಿ ಕಟಕಟೆ ಇತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ಬಳಿಕ ಪಾದ್ರಿಗಳು ಜನರಿಗೆ ಮುಖಮಾಡಿ ಬಲಿಪೂಜೆ ಅರ್ಪಿಸಲು ತೊಡಗಿದಾಗ ಪೀಠ ಮುಂದೆ ಬಂತು, ಕಟಕಟೆ ಹೋಯಿತು, ಪ್ರವಚನದ ಎತ್ತರದ ಮರದ ಕಟ್ಟೆ ಗುಜರಿ ಸೇರಿತು. ಮಹಾಸಭೆ ಅದನ್ನೆಲ್ಲ ಒಡೆಯಿರಿ ಎಂದಿರಲಿಲ್ಲ.

1784ರ ಮಾತು ಬಾರದೆ ನಮ್ಮ ಯಾವ ಸಂಚಿಕೆಯೂ ಮುಗಿಯುವುದಿಲ್ಲ. ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕೆಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು, ಚರ್ಚುಗಳು ನೆಲಸಮವಾದದ್ದು, ಫರಂಗಿಪೇಟೆಯ ಮೊಂತೆ ಮರಿಯಾನೊ ಉಳಿದದ್ದು, 1799ರಲ್ಲಿ ಬದುಕುಳಿದವರು ಮರಳಿದ್ದು, ಇವೆಲ್ಲ ಗೊತ್ತಿರುವವೇ. ಸೆರೆಹೋದವರ ಸಂಖ್ಯೆ 30 ಸಾವಿರದಿಂದ 80 ಸಾವಿರದವರೆಗೆ ಬೇರೆ ಬೇರೆ ಬರಹಗಳಲ್ಲಿ ಬೇರೆ ಬೇರೆ ಇದೆ. ಒಂದನ್ನೇ ಆರಿಸಿ ಕೊಡಬೇಡಿ. ದಿನವನ್ನೂ ಒಮ್ಮೆ ಎಣಿಸಿ ನೋಡಿ. ‘1784ರ ಫೆಬ್ರವರಿ 24, ವಿಭೂತಿ ಬುಧವಾರ’ ಎಂದು ಎಲ್ಲೆಡೆ ಬರೆಯುತ್ತಾರೆ. ಆ ವರ್ಷದ ಈಸ್ಟರ್ ಏಪ್ರಿಲ್ 11. ವಿಭೂತಿ ಬುಧವಾರ, ಎಂದರೆ ತಪಸ್ಸುಕಾಲದ ಮೊದಲ ದಿನ, ಬರುವುದು ಈಸ್ಟರಿಗೆ 46 ದಿನ ಮೊದಲು. ಅಷ್ಟು ಹಿಂದಕ್ಕೆ ಎಣಿಸಿದರೆ, ಅಧಿಕ ವರ್ಷವಾದ್ದರಿಂದ, ವಿಭೂತಿ ಬುಧವಾರ ಬೀಳುವುದು ಫೆಬ್ರವರಿ 25ಕ್ಕೆ. 24 ಮಂಗಳವಾರ. ತಾರೀಕೋ ವಾರವೋ ಒಂದು ದಿನ ಜಾರಿದೆ. ಘಟನೆ ಸುಳ್ಳಾಗುವುದಿಲ್ಲ. ನಕಲು ಮಾಡಿದ ಸಾಲುಗಳು ಎಷ್ಟು ತಲೆಮಾರು ಪರೀಕ್ಷೆಯಿಲ್ಲದೆ ಓಡುತ್ತವೆ ಎಂಬುದಕ್ಕೆ ಬೆರಳೆಣಿಕೆಯಷ್ಟು ಸುಲಭದ ಉದಾಹರಣೆ ಇದು.

ಇನ್ನೂ ಒಂದು. 1784ಕ್ಕೆ ಮೊದಲು ಇಲ್ಲದಿದ್ದ ಚರ್ಚುಗಳು ಕೂಡ ‘ಆಗ ನಾಶವಾಯಿತು’ ಎಂದು ಬರೆದುಕೊಂಡಿವೆ. ಮೊದಲಿತ್ತು ಎನ್ನಲು ಜಾಗದ ಸನದು, ಗೋವೆಯ ಪತ್ರ ಅಥವಾ ಸಮಾಧಿಕಲ್ಲು ಬೇಕು. ನಾಶವಾಯಿತು ಎಂದರೆ ಹಳತನಕ್ಕೆ ಪುರಾವೆಯಾಗುವುದಿಲ್ಲ.

ಪತ್ರಗಳನ್ನು ಎಲ್ಲಿ ಹುಡುಕುವುದು ಎಂಬುದು ಆಡಳಿತ ಯಾರ ಕೈಯಲ್ಲಿತ್ತು ಎನ್ನುವುದರ ಮೇಲೆ ನಿಂತಿದೆ. 1838ರವರೆಗೆ ಗೋವೆಯ ಆರ್ಚ್‌ಬಿಷಪರು, ಪೋರ್ಚುಗೀಸ್ ಪಾದ್ರೊವಾದೊ (ಪೋರ್ಚುಗಲ್ ರಾಜರಿಗೆ ಚರ್ಚುಗಳ ಮೇಲಿದ್ದ ಪೋಷಕ ಅಧಿಕಾರ). ಆ ವರ್ಷದ ಪೋಪರ ಆಜ್ಞೆಯ ಬಳಿಕ ಕೇರಳದ ವರಾಪುಳದ ಕಾರ್ಮೆಲೈಟ್ ಸಭೆಯ ಪಾದ್ರಿಗಳು, 1853ರಲ್ಲಿ ಮಂಗಳೂರಿಗೇ ಪ್ರತ್ಯೇಕ ವಿಕಾರಿಯೇಟ್ (ಧರ್ಮಪ್ರಾಂತ್ಯಕ್ಕೆ ಹಿಂದಿನ ಹಂತ), 1878ರ ಡಿಸೆಂಬರ್ 31ರಂದು ಜೆಸ್ವಿತ್ ಸಭೆಯ ಪಾದ್ರಿಗಳು ಬಂದರು, 1887ರಲ್ಲಿ ಧರ್ಮಪ್ರಾಂತ್ಯ. ಹೀಗೆ ಪೋರ್ಚುಗೀಸ್, ಲ್ಯಾಟಿನ್, ಫ್ರೆಂಚ್, ಇಟಾಲಿಯನ್ ಎಲ್ಲ ಎದುರಾಗುತ್ತವೆ. 1838ರಿಂದ 1886ರವರೆಗೆ ಕೆಲವು ಊರು ಗೋವೆಯ ಪಕ್ಷದಲ್ಲೇ ಉಳಿದವು. ಅರ್ಧ ಮೈಲಿಗೆ ಎರಡು ಚರ್ಚು, ಒಂದೇ ಮನೆಯ ಅಣ್ಣ ಒಂದರಲ್ಲಿ ತಮ್ಮ ಇನ್ನೊಂದರಲ್ಲಿ ಎಂಬ ಸ್ಥಿತಿಗೆ ಇದೇ ಕಾರಣ. ಜಗಳ ಅಲ್ಲಿಗೂ ನಿಲ್ಲಲಿಲ್ಲ. ಗೋವೆಯಲ್ಲಿ ರೋಮ್ ಜೊತೆ ಮುರಿದುಕೊಂಡ ಪಾದ್ರಿ ಆಲ್ವಾರಿಸ್ 1889ರಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಆರ್ಥೊಡಾಕ್ಸ್ ಮೆಟ್ರೊಪೊಲಿಟನ್ (ಹಿರಿಯ ಬಿಷಪ್) ಆದರು, ಬ್ರಹ್ಮಾವರದ ಕೊಂಕಣಿ ಆರ್ಥೊಡಾಕ್ಸ್ ಸಮುದಾಯ ಆ ಕವಲಿನದ್ದು. ಹೀಗಾಗಿ ನಿಮ್ಮ ಚರ್ಚಿನ ರಿಜಿಸ್ಟರಿನಲ್ಲಿ 1840ರ ಸುಮಾರಿಗೆ ಅರ್ಧ ಮನೆಗಳು ಒಮ್ಮೆಲೇ ಮಾಯವಾದರೆ ಪ್ಲೇಗು, ಸಿಡುಬು ಎಂದು ಹಾರಬೇಡಿ. ಪಕ್ಕದ ಚರ್ಚಿನ ಪುಸ್ತಕ ಕೇಳಿ.

ಜಾಗದ ವಿಚಾರ ಚುಟುಕಾಗಿ. ಹಳೆಯ ಕಾಗದಗಳಲ್ಲಿ ಮೂಲಗೇಣಿ ಎಂದಿದ್ದರೆ ಕಾಯಂ ಹಕ್ಕು, ಚಾಲಗೇಣಿ ಎಂದಿದ್ದರೆ ವರ್ಷ ವರ್ಷದ್ದು. ಚರ್ಚ್ ತಾನೇ ಮೂಲಗೇಣಿದಾರನೋ, ಒಡೆಯನೋ ಎಂಬುದನ್ನು ನೋಡಿಕೊಂಡು ‘ದಾನ ಕೊಟ್ಟರು’ ಎಂಬ ಮಾತು ಬಳಸಿ. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಗದ್ದೆಗಳು ಒಕ್ಕಲುಗಳ ಪಾಲಾದವು. ಅವರು ಕೊಟ್ಟ ಡಿಕ್ಲರೇಷನ್ ಅರ್ಜಿಗಳಲ್ಲಿ, ಭೂ ನ್ಯಾಯಮಂಡಳಿಯ ಕಡತದಲ್ಲಿ, ಚರ್ಚಿಗೆ ಯಾವ ಸರ್ವೆ ನಂಬರಿನ ಎಷ್ಟು ಜಾಗ ಇತ್ತು ಎಂಬುದು ಚರ್ಚಿನ ಕಪಾಟಿಗಿಂತ ಚೆನ್ನಾಗಿ ಸಿಗುತ್ತದೆ.

ಪುಸ್ತಕ ಮುಟ್ಟುವ ಕೆಲಸವನ್ನು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಮಳೆಗಾಲದ ತೇವದಲ್ಲಿ ಪುಟಗಳು ಅಂಟಿರುತ್ತವೆ, ಬಿಡಿಸಿದರೆ ಅಕ್ಷರ ಎದುರಿನ ಪುಟಕ್ಕೆ ಹೋಗುತ್ತದೆ. ಬೆರಳಿಗೆ ಉಗುಳು ಬೇಡ. ಹರಿದಲ್ಲಿ ಸೆಲೊಟೇಪ್ ಬೇಡ, ಹತ್ತು ವರ್ಷದಲ್ಲಿ ಅದರ ಅಂಟು ಕಂದಾಗಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಖಂಡಿತ ಬೇಡ. ಹಳೆಯ ಕಬ್ಬಿಣದ ಮಸಿ ಅಕ್ಷರದ ಗೆರೆಯಲ್ಲೇ ಕಾಗದವನ್ನು ಕೊರೆದಿರುತ್ತದೆ. ಅಂಥ ಪುಟವನ್ನು ಎತ್ತುವಾಗ ಕೆಳಗೆ ಒಂದು ದಪ್ಪ ಹಾಳೆ ಸರಿಸಿ, ಎರಡೂ ಸೇರಿಸಿ ತಿರುಗಿಸಿ. ಒದ್ದೆಯಾದ ಪುಸ್ತಕವನ್ನು ಬಿಸಿಲಿಗಿಡದೆ ಪುಟಗಳ ನಡುವೆ ಒತ್ತುಕಾಗದ ಇಟ್ಟು ಫ್ಯಾನಿನ ಗಾಳಿಗೆ ಒಣಗಿಸಿ, ಕಾಗದ ಬದಲಿಸುತ್ತಿರಿ. ಫೋಟೊ ತೆಗೆಯುವಾಗ ರಟ್ಟಿನಿಂದ ರಟ್ಟಿನವರೆಗೆ ತೆಗೆಯಿರಿ, ಅಂಚು ಕತ್ತರಿಸಬೇಡಿ. ಖಾಲಿ ಪುಟಗಳನ್ನೂ ಬಿಡಬೇಡಿ. ಇಲ್ಲದಿದ್ದರೆ ಮುಂದಿನ ಜುಬಿಲಿಯಲ್ಲಿ ಇದೇ ಕೆಲಸ ಹಿಡಿದವರಿಗೆ ಆ ಪುಟ ಖಾಲಿ ಇತ್ತೋ, ನೀವು ಹಾರಿಸಿದಿರೋ ಎಂದು ತಿಳಿಯುವುದಿಲ್ಲ.